ನಿಂತಲ್ಲೇ ನಡುಗುವ ಕಾರು: ಕಾರಣ ಹುಡುಕುವುದು, ಗಾಳಿ ಸೆನ್ಸರ್ ತೊಳೆಯುವುದು

ಸಿಗ್ನಲ್‌ನಲ್ಲಿ ನಿಂತಿದ್ದೀರಿ. ಕಾಲು ಬ್ರೇಕ್ ಮೇಲಿದೆ. ಕನ್ನಡಿಯಲ್ಲಿ ಹಿಂದಿನ ಆಟೋದ ಹೆಡ್‌ಲೈಟ್ ಸಣ್ಣಗೆ ಕುಣಿಯುತ್ತಿದೆ. ಕುಣಿಯುತ್ತಿರುವುದು ಆಟೋ ಅಲ್ಲ, ನಿಮ್ಮ ಕನ್ನಡಿ. ಆರ್‌ಪಿಎಂ ಮುಳ್ಳು 750ರಿಂದ 600ಕ್ಕೆ ಜಾರಿ, ತಡವರಿಸಿ, ಮತ್ತೆ ಏರುತ್ತದೆ. ಎಸಿ ಹಾಕಿದರೆ ಇಡೀ ಗಾಡಿ ಒಮ್ಮೆ ಮೈ ಕೊಡವುತ್ತದೆ. ಗ್ಯಾರೇಜಿಗೆ ಹೋದರೆ 'ಮಿಸ್ಸಿಂಗ್ ಹೊಡೀತಿದೆ ಸಾರ್, ಸೆನ್ಸರ್ ಕ್ಲೀನ್ ಮಾಡಿ ನೋಡೋಣ' ಅನ್ನುತ್ತಾರೆ.

ಆ 'ಮಾಡಿ ನೋಡೋಣ' ಇದೆಯಲ್ಲ, ಅಲ್ಲೇ ದುಡ್ಡು ಹೋಗುವುದು. ನಾನೂ ಹಾಗೇ ಮಾಡಿದೆ. ನನ್ನದು 1.8 ಲೀಟರ್‌ನ ಹಳೆ ಪೆಟ್ರೋಲ್ ಸೆಡಾನ್, ಸೆಕೆಂಡ್ ಹ್ಯಾಂಡ್. ನಡುಕ ಶುರುವಾದ ವಾರವೇ ಒಂದು ಡಬ್ಬಿ ಸೆನ್ಸರ್ ಕ್ಲೀನರ್ ತಂದು ತೊಳೆದೆ. ಯಾರೋ ಹೇಳಿದರು ಅಂತ ಬ್ಯಾಟರಿ ಟರ್ಮಿನಲ್ ಕೂಡ ಬಿಚ್ಚಿ ಹಾಕಿದೆ. ಎರಡು ದಿನ ಗಾಡಿ ಬೆಣ್ಣೆ ಹಾಗಿತ್ತು. ಮೂರನೇ ದಿನ ಅದೇ ರಾಗ. ಒಂದು ಗ್ಯಾರೇಜಿನಲ್ಲಿ ಥ್ರಾಟಲ್ ಬಾಡಿಯನ್ನೇ, ಅಂದರೆ ಇಂಜಿನ್‌ಗೆ ಗಾಳಿ ಬಿಡುವ ಬಾಗಿಲನ್ನೇ, ಬದಲಾಯಿಸಬೇಕು ಅಂದರು. ಕೊನೆಗೆ ಸಿಕ್ಕ ಕಳ್ಳ, ಇಂಜಿನ್ ಹಿಂಬದಿಯ ಒಂದು ರಬ್ಬರ್ ಹೋಸ್. ಅದರ ತಿರುವಿನ ಕೆಳಗೆ ಉಗುರಿನಷ್ಟು ಉದ್ದದ ಸೀಳು. ಮೇಲಿಂದ ನೋಡಿದರೆ ಕಾಣುತ್ತಲೇ ಇರಲಿಲ್ಲ.

ಅದಕ್ಕೇ ಈ ಬರಹದಲ್ಲಿ ತೊಳೆಯುವ ಕೆಲಸ ಅರ್ಧ ದಾಟಿದ ಮೇಲೆ ಬರುತ್ತದೆ. ಮೊದಲು ಅಳತೆ, ಆಮೇಲೆ ಡಬ್ಬಿ. ಇಲ್ಲಿ ಹೇಳಿರುವುದೆಲ್ಲ ಹೆಚ್ಚಾಗಿ ಪೆಟ್ರೋಲ್ ಕಾರಿನ ಬಗ್ಗೆ. ಡೀಸೆಲ್‌ಗೆ ಎಲ್ಲಿ ಬೇರೆಯೋ ಅಲ್ಲಿ ಹೇಳುತ್ತೇನೆ.

ನಡುಕ ಯಾವ ತರಹದ್ದು?

ಇಂಜಿನ್ ಬಿಸಿಯಾಗಲಿ. ಎಸಿ, ಲೈಟು, ಫ್ಯಾನ್ ಎಲ್ಲ ಆಫ್ ಮಾಡಿ ಸುಮ್ನೆ ಎರಡು ನಿಮಿಷ ಕೂತು ಮುಳ್ಳನ್ನು ನೋಡಿ.

ಮುಳ್ಳು ಅಲ್ಲಾಡದೆ ನಿಂತಿದೆ, ಆದರೆ ಸೀಟು ನಡುಗುತ್ತಿದೆ ಅಂದರೆ ಇಂಜಿನ್ ಸರಿಯಾಗೇ ಓಡುತ್ತಿರಬಹುದು. ಅದನ್ನು ಹಿಡಿದಿರುವ ಮೌಂಟಿಂಗ್ ರಬ್ಬರ್ ಸತ್ತಿರಬಹುದು. ಆಟೋಮ್ಯಾಟಿಕ್ ಗಾಡಿಯಲ್ಲಿ 'ಡಿ'ಗೆ ಹಾಕಿ ಬ್ರೇಕ್ ಹಿಡಿದಾಗ ನಡುಕ ಜಾಸ್ತಿಯಾಗಿ, 'ಎನ್'ಗೆ ತಂದಾಗ ಕಡಿಮೆಯಾದರೆ ಈ ಅನುಮಾನ ಇನ್ನೂ ಗಟ್ಟಿ. ಇದಕ್ಕೆ ಯಾವ ಸ್ಪ್ರೇಯೂ ಮದ್ದಲ್ಲ.

ಮುಳ್ಳು ಉಯ್ಯಾಲೆಯ ಹಾಗೆ ನಿಧಾನವಾಗಿ ಮೇಲೆ ಕೆಳಗೆ ಹೋಗುತ್ತಿದ್ದರೆ ಗಾಳಿಯ ಲೆಕ್ಕ ತಪ್ಪಿದೆ. ಇಂಜಿನ್ ನಡೆಸುವ ಕಂಪ್ಯೂಟರ್ ಸರಿ ಮಾಡಲು ಹೋಗುತ್ತದೆ, ಜಾಸ್ತಿಯಾಗುತ್ತದೆ, ಕಡಿಮೆ ಮಾಡುತ್ತದೆ, ತೀರಾ ಕಡಿಮೆಯಾಗುತ್ತದೆ. ಸೋರಿಕೆ, ಮಸಿ ಹಿಡಿದ ಥ್ರಾಟಲ್, ಕೊಳೆ ಹಿಡಿದ ಸೆನ್ಸರ್ ಈ ಗುಂಪಿನವು.

ಹಾಗಲ್ಲದೆ ಒಂದೇ ತಾಳದಲ್ಲಿ ಡುಗ್, ಡುಗ್ ಅಂತ ಒದ್ದರೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಮಿಸ್ ಹೊಡೆಯುವುದು ಅಂದರೆ ಇದೇ. ಸೈಲೆನ್ಸರ್ ಬಾಯಿಯ ಹತ್ತಿರ ಒಂದು ತುಂಡು ಪೇಪರ್ ಹಿಡಿದರೆ ಇದು ಗೊತ್ತಾಗುತ್ತದೆ. ಸರಿಯಾದ ಇಂಜಿನ್ ಪೇಪರನ್ನು ಸಮನಾಗಿ ಹೊರಕ್ಕೆ ತಳ್ಳುತ್ತದೆ. ಮಿಸ್ ಆಗುವ ಇಂಜಿನ್ ಮಧ್ಯೆ ಮಧ್ಯೆ ಬಿಡುತ್ತದೆ. ಪೇಪರ್ ಒಮ್ಮೊಮ್ಮೆ ಪೈಪಿನ ಕಡೆಗೇ ಎಳೆದುಕೊಂಡರೆ ವಾಲ್ವ್ ಕೂಡ ಅನುಮಾನದ ಪಟ್ಟಿಗೆ ಸೇರಿತು.

ನಡುಕ ಯಾವಾಗ ಬರುತ್ತದೆ ಅನ್ನುವುದನ್ನೂ ಬರೆದಿಡಿ. ಬೆಳಗ್ಗೆ ಮಾತ್ರವೋ, ಬಿಸಿಯಾದ ಮೇಲೋ, ಎಸಿ ಹಾಕಿದಾಗಲೋ, ಮಳೆ ಬಂದ ದಿನವೋ. ಮಳೆಗಾಲದಲ್ಲಿ ಮಾತ್ರ ಮಿಸ್ ಹೊಡೆಯುವ ಗಾಡಿಯಲ್ಲಿ ನಾನು ಮೊದಲು ನೋಡುವುದು ಪೆಟ್ರೋಲಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಮತ್ತು ಅದಕ್ಕೆ ಕರೆಂಟ್ ಕೊಡುವ ಕಾಯಿಲ್.

ಒಂದು ಎಚ್ಚರಿಕೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇಂಜಿನ್ ಓಡಿಸಿಕೊಂಡು ಈ ಕೆಲಸ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಗಾಡಿಯನ್ನು ಬಯಲಿಗೆ ತನ್ನಿ.

ನಿಮ್ಮ ಕಾರಿನಲ್ಲಿರುವುದು ಎಂಎಎಫೋ, ಎಂಎಪಿಯೋ?

ಬಹಳ ಜನ ಇದನ್ನು ನೋಡದೆಯೇ ಕ್ಲೀನರ್ ಡಬ್ಬಿ ಕೊಳ್ಳುತ್ತಾರೆ.

ಇಂಜಿನ್‌ಗೆ ಎಷ್ಟು ಗಾಳಿ ಹೋಯಿತು ಅಂತ ತಿಳಿಯಲು ಎರಡು ದಾರಿ ಇವೆ. ಒಂದು, ಗಾಳಿಯನ್ನು ನೇರವಾಗಿ ತೂಗುವುದು. ಅದು ಎಂಎಎಫ್ (ಮಾಸ್ ಏರ್ ಫ್ಲೋ) ಸೆನ್ಸರ್. ಏರ್ ಫಿಲ್ಟರ್ ಡಬ್ಬಿಯಿಂದ ಹೊರಬರುವ ಪೈಪಿನ ಮೇಲೆ, ಥ್ರಾಟಲ್‌ಗಿಂತ ಮುಂಚೆ ಕೂತಿರುತ್ತದೆ. ಒಳಗೆ ಕೂದಲಿನಷ್ಟು ತೆಳುವಾದ ಪ್ಲಾಟಿನಂ ತಂತಿ, ಅಥವಾ ಅದೇ ಕೆಲಸದ ಒಂದು ತೆಳು ಹಾಳೆ. ಅದನ್ನು ಕರೆಂಟ್ ಕೊಟ್ಟು ಬಿಸಿ ಇಡುತ್ತಾರೆ. ಗಾಳಿ ಬಂದು ತಣ್ಣಗೆ ಮಾಡುತ್ತದೆ. ಮತ್ತೆ ಬಿಸಿ ಮಾಡಲು ಎಷ್ಟು ಕರೆಂಟ್ ಬೇಕಾಯಿತು ಅನ್ನುವುದೇ ಗಾಳಿಯ ಲೆಕ್ಕ. ಬಿಸಿ ಕಾಫಿ ಲೋಟವನ್ನು ಫ್ಯಾನ್ ಕೆಳಗೆ ಇಟ್ಟ ಹಾಗೆ.

ಇನ್ನೊಂದು, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪೈಪಿನ, ಅಂದರೆ ಮ್ಯಾನಿಫೋಲ್ಡ್‌ನ ಒಳಗಿನ ಒತ್ತಡ ಅಳೆದು, ಆರ್‌ಪಿಎಂ ಮತ್ತು ಗಾಳಿಯ ಉಷ್ಣತೆ ಸೇರಿಸಿ ಲೆಕ್ಕ ಹಾಕುವುದು. ಅದು ಎಂಎಪಿ (ಮ್ಯಾನಿಫೋಲ್ಡ್ ಆ್ಯಬ್ಸೊಲ್ಯೂಟ್ ಪ್ರೆಷರ್) ಸೆನ್ಸರ್. ಥ್ರಾಟಲ್ ದಾಟಿದ ಮೇಲೆ ಮ್ಯಾನಿಫೋಲ್ಡ್‌ಗೇ ಕಚ್ಚಿಕೊಂಡಿರುತ್ತದೆ, ಬೆಂಕಿಪೊಟ್ಟಣದ ಗಾತ್ರ. ನಮ್ಮ ರಸ್ತೆಯ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಇದೇ ಜಾಸ್ತಿ. ಮಾರುತಿಯ ಕೆ ಸೀರೀಸ್ ಇಂಜಿನ್‌ಗಳು ಈ ಪದ್ಧತಿಯವು. ಹಳೆ ಸ್ವಿಫ್ಟ್, ಡಿಸೈರ್‌ನ 1.3 ಲೀಟರ್ ಡೀಸೆಲ್‌ನಲ್ಲಿ ಎಂಎಎಫ್ ಇದೆ. ದೊಡ್ಡ ಪೆಟ್ರೋಲ್ ಸೆಡಾನ್‌ಗಳಲ್ಲೂ ಎಂಎಎಫ್ ಸಿಗುತ್ತದೆ. ಎರಡೂ ಇರುವ ಗಾಡಿಗಳೂ ಉಂಟು.

ಬಾನೆಟ್ ತೆಗೆದು ಫಿಲ್ಟರ್ ಡಬ್ಬಿಯ ಹಿಂದಿನ ಪೈಪ್ ನೋಡಿ. ಅಲ್ಲಿ ನಾಲ್ಕೈದು ವೈರ್‌ನ ಪ್ಲಗ್ ಇರುವ, ಎರಡು ಸ್ಕ್ರೂನಲ್ಲಿ ಕೂತ ಸೆನ್ಸರ್ ಇದ್ದರೆ ಅದು ಎಂಎಎಫ್. ಎರಡೇ ವೈರ್ ಇರುವ ಸಣ್ಣ ತುಂಡು ಇದ್ದರೆ ಬರೀ ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್. ಅದನ್ನು ತೊಳೆದರೆ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಇಂಜಿನ್ ಓಡುವುದು, ಸರಿಹೋಗುವುದಿಲ್ಲ.

ಮೊದಲು ಕಣ್ಣು, ಕಿವಿ

ಇಂಜಿನ್ ಆಫ್ ಮಾಡಿ. ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಎಲ್ಲ ಕೂತಿವೆಯೇ? ಸರ್ವಿಸ್‌ನಿಂದ ಬಂದ ಮರುದಿನ ನಡುಕ ಶುರುವಾಗಿದ್ದರೆ ಇಲ್ಲೇ ಉತ್ತರ ಇರಬಹುದು. ಡಬ್ಬಿ ತೆಗೆಯಿರಿ. ನಮ್ಮ ಕಡೆ ಇಲಿ ಕಾಟ ಗೊತ್ತಲ್ವಾ? ಡಬ್ಬಿಯೊಳಗೆ ತೆಂಗಿನ ನಾರಿನ ಗೂಡು, ಕಡಲೆಕಾಯಿ ಸಿಪ್ಪೆ ಸಿಗುವುದು ತಮಾಷೆಯಲ್ಲ. ವೈರ್ ಕಚ್ಚಿದ ಗುರುತಿದೆಯೇ ಅಂತಲೂ ಹುಡುಕಿ.

ಡಬ್ಬಿಯಿಂದ ಥ್ರಾಟಲ್‌ವರೆಗಿನ ದಪ್ಪ ರಬ್ಬರ್ ಪೈಪಿನ ಮಡಿಕೆಗಳನ್ನು ಕೈಯಲ್ಲಿ ಬಿಡಿಸಿ ನೋಡಿ. ಸೀಳು ಹೆಚ್ಚಾಗಿ ಮಡಿಕೆಯ ಒಳಗೇ ಅಡಗಿರುತ್ತದೆ. ಎಂಎಎಫ್ ದಾಟಿದ ಮೇಲೆ ಎಲ್ಲೇ ಸೀಳಿದ್ದರೂ ಅಲ್ಲಿಂದ ನುಗ್ಗುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಟಿಕೆಟ್ ಇಲ್ಲದೆ ಹಿಂದಿನ ಬಾಗಿಲಿಂದ ಬಸ್ ಹತ್ತಿದ ಹಾಗೆ.

ಏರ್ ಫಿಲ್ಟರ್ ಎಣ್ಣೆ ಹಾಕುವ ಹತ್ತಿಯ ಪರ್ಫಾರ್ಮೆನ್ಸ್ ಫಿಲ್ಟರ್ ಆಗಿದ್ದರೆ ಗಮನ ಇರಲಿ. ತೊಳೆದು ಎಣ್ಣೆ ಜಾಸ್ತಿ ಬಿಟ್ಟರೆ ಅದು ಹಾರಿ ಎಂಎಎಫ್ ತಂತಿಗೆ ಅಂಟುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ಅಂಥ ಗಾಡಿಯಲ್ಲಿ ಸೆನ್ಸರ್ ಮೇಲಿನ ಅನುಮಾನ ನಿಜಕ್ಕೂ ನ್ಯಾಯವಾದದ್ದು.

ಸ್ಕ್ಯಾನರ್: ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ

ಇಎಲ್‌ಎಂ327 ಅನ್ನುವ ಬ್ಲೂಟೂತ್ ಡಾಂಗಲ್ ಕೆಲವು ನೂರು ರೂಪಾಯಿಗೇ ಸಿಗುತ್ತದೆ. ತೀರಾ ಅಗ್ಗದ್ದು ಕೆಲವು ಗಾಡಿಗೆ ಕನೆಕ್ಟ್ ಆಗುವುದಿಲ್ಲ, ಆದ್ದರಿಂದ ಹಿಂದಿರುಗಿಸಬಹುದಾದ ಕಡೆ ಕೊಳ್ಳಿ. ಸ್ಟೀರಿಂಗ್ ಕೆಳಗಿನ 16 ಪಿನ್‌ನ ಸಾಕೆಟ್‌ಗೆ ಚುಚ್ಚಿ, ಫೋನಿನಲ್ಲಿ ಕಾರಿನ ಕಂಪ್ಯೂಟರ್ ಓದುವ ಒಂದು ಒಬಿಡಿ ಆ್ಯಪ್ ಹಾಕಿಕೊಂಡರೆ ಸಾಕು.

ಮೊದಲು ಕೋಡ್, ಅಂದರೆ ಕಂಪ್ಯೂಟರ್ ದಾಖಲಿಸಿಟ್ಟ ತೊಂದರೆಯ ನಂಬರ್ ಓದಿ, ಬರೆದುಕೊಳ್ಳಿ. ಅಳಿಸಬೇಡಿ. ಪಿ0300 ಅಂದರೆ ಎಲ್ಲೆಂದರಲ್ಲಿ ಮಿಸ್‌ಫೈರ್. ಪಿ0301ರಿಂದ ಪಿ0304ರವರೆಗೆ ಬಂದರೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಪಿ0171 ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಪಿ0101, ಪಿ0102, ಪಿ0103 ಎಂಎಎಫ್ ಬಗ್ಗೆ. ಪಿ0507 ಅಂದರೆ ಐಡ್ಲಿಂಗ್ ಇರಬೇಕಾದ್ದಕ್ಕಿಂತ ಮೇಲಿದೆ. ಎಂಎಎಫ್ ಕೋಡ್ ಬಂತು ಅಂದಮಾತ್ರಕ್ಕೆ ಸೆನ್ಸರ್ ಕೆಟ್ಟಿದೆ ಅಂತಲ್ಲ. ಅದರ ವೈರ್ ಅನ್ನು ಇಲಿ ತಿಂದಿದ್ದರೂ ಪಿ0102 ಬರುತ್ತದೆ.

ಕೋಡ್ ಇಲ್ಲದಿದ್ದರೂ ಬೇಸರ ಬೇಡ. ನಮಗೆ ಬೇಕಾದ್ದು ಲೈವ್ ಡೇಟಾದಲ್ಲಿರುವ ಫ್ಯೂಯಲ್ ಟ್ರಿಮ್. ಕಂಪ್ಯೂಟರ್ ತನ್ನ ಲೆಕ್ಕದ ಪೆಟ್ರೋಲಿಗೆ ಶೇಕಡಾ ಎಷ್ಟು ಕೂಡಿಸುತ್ತಿದೆ (ಪ್ಲಸ್), ಎಷ್ಟು ಕಳೆಯುತ್ತಿದೆ (ಮೈನಸ್) ಅನ್ನುವ ಅಂಕಿ ಅದು.

ಸಾಂಬಾರಿಗೆ ಉಪ್ಪು ಹಾಕುವುದನ್ನು ನೆನೆಯಿರಿ. ಅಳತೆ ಪ್ರಕಾರ ಉಪ್ಪು ಹಾಕಿ, ರುಚಿ ನೋಡಿ, ಸಾಲದು ಅಂತ ಇನ್ನೊಂದು ಚಿಟಿಕೆ ಹಾಕುತ್ತೇವೆ. ಅದು ಶಾರ್ಟ್ ಟರ್ಮ್ ಟ್ರಿಮ್. ದಿನಾ ಒಂದು ಚಿಟಿಕೆ ಸಾಲುತ್ತಿಲ್ಲ ಅಂತ ಗೊತ್ತಾದ ಮೇಲೆ ಮೊದಲೇ ಜಾಸ್ತಿ ಹಾಕುತ್ತೇವೆ. ಅದು ಲಾಂಗ್ ಟರ್ಮ್ ಟ್ರಿಮ್. ಇಲ್ಲಿ ರುಚಿ ನೋಡುವ ನಾಲಿಗೆ ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್. ಬ್ಯಾಟರಿ ಬಿಚ್ಚಿದರೆ ಅನೇಕ ಕಾರುಗಳಲ್ಲಿ ಅಡುಗೆಯವರ ನೆನಪು ಅಳಿಸಿಹೋಗುತ್ತದೆ. ನನ್ನ ಗಾಡಿ ಎರಡು ದಿನ ಸರಿಯಿದ್ದ ಹಾಗೆ ಕಂಡದ್ದು ಬಹುಶಃ ಇದರಿಂದ. ತೊಳೆದದ್ದರಿಂದಲ್ಲ.

ಎರಡು ಟ್ರಿಮ್ಮನ್ನೂ ಕೂಡಿಸಿ ನೋಡಿ. ಮೊತ್ತ 5ರ ಒಳಗಿದ್ದರೆ, ಪ್ಲಸ್ ಇರಲಿ ಮೈನಸ್ ಇರಲಿ, ಚೆನ್ನಾಗಿದೆ. 10 ದಾಟಿದರೆ ಏನೋ ಇದೆ. ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಹಾಕುವ ಹಳೆ ಕಾರಿನಲ್ಲಿ ಎಲ್ಲ ಆರ್‌ಪಿಎಂನಲ್ಲೂ ಒಂದೇ ಸಮನೆ ನಾಲ್ಕೈದು ಪ್ಲಸ್ ಕಂಡರೆ ಗಾಬರಿ ಬೇಡ. ಎಥನಾಲ್‌ಗೆ ಅಷ್ಟೇ ಗಾಳಿಗೆ ಪೆಟ್ರೋಲ್‌ಗಿಂತ ಜಾಸ್ತಿ ಇಂಧನ ಬೇಕು. ಕಂಪ್ಯೂಟರ್ ಅದನ್ನೇ ಸರಿದೂಗಿಸುತ್ತಿದೆ.

ಈಗ ಮುಖ್ಯ ಪರೀಕ್ಷೆ. ಇಂಜಿನ್ ಪೂರ್ತಿ ಬಿಸಿ, ಎಸಿ ಆಫ್. ಐಡ್ಲಿಂಗ್‌ನಲ್ಲಿ ಮೊತ್ತ ಬರೆದುಕೊಳ್ಳಿ. ಆಮೇಲೆ 2500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು ಬರೆದುಕೊಳ್ಳಿ. ನನ್ನ ಗಾಡಿಯಲ್ಲಿ ಐಡ್ಲಿಂಗ್‌ನಲ್ಲಿ +19, 2500ರಲ್ಲಿ +4 ಬಂತು. ಇದು ಸೋರಿಕೆಯ ಸಹಿ. ಐಡ್ಲಿಂಗ್‌ನಲ್ಲಿ ಇಂಜಿನ್ ಉಸಿರಾಡುವುದೇ ಸ್ವಲ್ಪ, ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ರೇಸ್ ಮಾಡಿದಾಗ ನಿಜವಾದ ಗಾಳಿ ಹೊಳೆಯ ಹಾಗೆ ಬರುತ್ತದೆ, ಕಳ್ಳಗಾಳಿ ಅದರಲ್ಲಿ ಕೊಚ್ಚಿಹೋಗುತ್ತದೆ.

ಇದರ ಉಲ್ಟಾ ಬಂದರೆ, ಅಂದರೆ ಐಡ್ಲಿಂಗ್‌ನಲ್ಲಿ ಸರಿಯಾಗೋ ಸ್ವಲ್ಪ ಮೈನಸ್ಸೋ ಇದ್ದು, ರೇಸ್ ಮಾಡಿದಂತೆ, ಏರು ಹತ್ತಿದಂತೆ ಪ್ಲಸ್ ಏರುತ್ತಾ ಹೋದರೆ ಎಂಎಎಫ್ ಕೊಳೆಯಾಗಿರಬಹುದು. ತಂತಿಯ ಮೇಲಿನ ಧೂಳು ಕಂಬಳಿಯ ಹಾಗೆ. ಗಾಳಿ ಬಡಿದರೂ ತಂತಿ ಅಷ್ಟು ತಣ್ಣಗಾಗುವುದಿಲ್ಲ, ಬಂದ ಗಾಳಿ ಕಡಿಮೆ ಅಂತ ಲೆಕ್ಕವಾಗುತ್ತದೆ. ದುರ್ಬಲ ಪೆಟ್ರೋಲ್ ಪಂಪ್ ಅಥವಾ ಕಟ್ಟಿದ ಫ್ಯೂಯಲ್ ಫಿಲ್ಟರ್ ಕೂಡ ಇದೇ ನಮೂನೆ ತೋರಿಸುತ್ತದೆ. ಆದ್ದರಿಂದ ಎಂಎಎಫ್ ಓದನ್ನೂ ನೋಡಿ. 1.8 ಲೀಟರ್ ಇಂಜಿನ್ ಬಿಸಿಯಾದಾಗ ಐಡ್ಲಿಂಗ್‌ನಲ್ಲಿ ಸೆಕೆಂಡಿಗೆ ಸುಮಾರು 2ರಿಂದ 3 ಗ್ರಾಂ ಗಾಳಿ ತೋರಿಸುತ್ತದೆ. ನಿಂತಲ್ಲೇ 2500ಕ್ಕೆ ಹಿಡಿದರೆ ಅದರ ಮೂರು ಪಟ್ಟು ಆಸುಪಾಸು. ಓದು ಇದಕ್ಕಿಂತ ತೀರಾ ಕೆಳಗಿದ್ದು, ಎಲ್ಲೂ ಸೋರಿಕೆ ಇಲ್ಲ ಅಂದರೆ ಡಬ್ಬಿ ತರುವ ಹೊತ್ತು ಬಂತು.

ಎಲ್ಲ ಕಡೆ ಮೈನಸ್ 10ಕ್ಕಿಂತ ಕೆಳಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಸೋರುವುದು, ಪೆಟ್ರೋಲ್ ಆವಿ ಎಳೆಯುವ ಪರ್ಜ್ ವಾಲ್ವ್ ತೆರೆದೇ ಉಳಿದಿರುವುದು, ಇಂಥವು. ಟ್ರಿಮ್ ಸೊನ್ನೆಯ ಹತ್ತಿರ ಇದ್ದೂ ಗಾಡಿ ಒದೆಯುತ್ತಿದ್ದರೆ ಗಾಳಿಯ ವಿಷಯ ಬಿಟ್ಟು ಪ್ಲಗ್, ಕಾಯಿಲ್ ಕಡೆಗೆ ಹೋಗಿ.

ಬರೀ ಎಂಎಪಿ ಇರುವ ಗಾಡಿಯಲ್ಲಿ ಈ ಲೆಕ್ಕ ಹೀಗೆ ನಡೆಯುವುದಿಲ್ಲ. ಮ್ಯಾನಿಫೋಲ್ಡ್‌ಗೆ ಕಳ್ಳಗಾಳಿ ನುಗ್ಗಿದರೆ ಒತ್ತಡ ಏರುತ್ತದೆ, ಸೆನ್ಸರ್ ಅದನ್ನೂ ಕಾಣುತ್ತದೆ, ಕಂಪ್ಯೂಟರ್ ಅದಕ್ಕೂ ಪೆಟ್ರೋಲ್ ಕೊಡುತ್ತದೆ. ಟ್ರಿಮ್ ಹೆಚ್ಚು ಅಲುಗುವುದಿಲ್ಲ, ಬದಲಿಗೆ ಐಡ್ಲಿಂಗ್ ಏರಿ ಕೂರುತ್ತದೆ ಅಥವಾ ಉಯ್ಯಾಲೆ ಆಡುತ್ತದೆ. ಇಲ್ಲಿ ಒತ್ತಡವನ್ನೇ ನೋಡಬೇಕು. ಬಿಸಿ ಇಂಜಿನ್, ಎಸಿ ಆಫ್ ಇದ್ದಾಗ ಸಾಮಾನ್ಯವಾಗಿ 28ರಿಂದ 38 ಕಿಲೋಪಾಸ್ಕಲ್ ಇರುತ್ತದೆ. 45 ದಾಟಿದರೆ ಸೋರಿಕೆಯೋ, ಟೈಮಿಂಗೋ, ವಾಲ್ವ್‌ದೋ ತೊಂದರೆ ಇದೆ.

ಸೆನ್ಸರ್ ಸುಳ್ಳು ಹೇಳುತ್ತಿದೆಯೇ ಅಂತ ತಿಳಿಯಲು ಒಂದು ಚಂದದ ಉಪಾಯ ಇದೆ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಎಂಎಪಿ ಓದಿ. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಅದು 101ರ ಹತ್ತಿರ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 91ರ ಹತ್ತಿರ. ಮಡಿಕೇರಿಯಲ್ಲಿ ಇನ್ನೂ ಕಡಿಮೆ, 88ರ ಸುಮಾರು. ಬೆಂಗಳೂರಿನಲ್ಲಿ ನಿಂತ ಗಾಡಿ 101 ಅಂದರೂ ತಪ್ಪು, 80 ಅಂದರೂ ತಪ್ಪು. ಇಂಟರ್‌ನೆಟ್‌ನಲ್ಲಿ 101 ಬರಬೇಕು ಅಂತ ಓದಿ ಒಳ್ಳೆ ಸೆನ್ಸರನ್ನು ಬಿಸಾಡಬೇಡಿ.

ಕಳ್ಳಗಾಳಿ ಎಲ್ಲಿಂದ?

ಗ್ಯಾರೇಜುಗಳಲ್ಲಿ ಓಡುವ ಇಂಜಿನ್ ಮೇಲೆ ಕಾರ್ಬ್ ಕ್ಲೀನರ್ ಹೊಡೆದು, ಆರ್‌ಪಿಎಂ ಏರಿದ ಜಾಗದಲ್ಲಿ ಸೋರಿಕೆ ಅಂತ ಹೇಳುತ್ತಾರೆ. ಕೆಲಸ ಮಾಡುತ್ತದೆ, ನಿಜ. ಆದರೆ ಬಿಸಿ ಪೈಪಿನ ಪಕ್ಕ ಬೆಂಕಿ ಹತ್ತುವ ಸ್ಪ್ರೇ ಹೊಡೆಯುವ ಧೈರ್ಯ ನನಗಿಲ್ಲ. ನಿಮಗೂ ಬೇಡ.

ಬದಲಿಗೆ ತೋಟಕ್ಕೆ ನೀರು ಬಿಡುವ ಪೈಪಿನ ಒಂದು ಮೀಟರ್ ತುಂಡು ತನ್ನಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಹೋಸ್‌ಗಳ ಉದ್ದಕ್ಕೂ ನಿಧಾನವಾಗಿ ಆಡಿಸಿ. ಸೋರುವ ಕಡೆ 'ಸ್ಸ್' ಅನ್ನುವುದು ಬಹಳ ಸ್ಪಷ್ಟವಾಗಿ ಕೇಳುತ್ತದೆ. ಬೆಲ್ಟ್, ಫ್ಯಾನ್‌ನಿಂದ ದೂರ ಇರಿ. ದುಪಟ್ಟಾ, ಸಡಿಲ ತೋಳು, ಕೊರಳ ಸರ ಯಾವುದೂ ಬೇಡ.

ಶಬ್ದ ಸಿಗದಿದ್ದರೆ ಮ್ಯಾನಿಫೋಲ್ಡ್‌ನಿಂದ ಹೊರಡುವ ಸಣ್ಣ ಹೋಸ್‌ಗಳನ್ನು ಒಂದೊಂದಾಗಿ, ಬಟ್ಟೆ ಸುತ್ತಿದ ಇಕ್ಕಳದಲ್ಲಿ ಹಿಸುಕಿ. ಯಾವುದನ್ನು ಹಿಸುಕಿದಾಗ ಇಂಜಿನ್ ಸಮಾಧಾನವಾಗುತ್ತದೋ ಅದರಾಚೆ ಸೋರಿಕೆ ಇದೆ. ಬ್ರೇಕ್ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್‌ಗೆ ಹೋಗುವ ದಪ್ಪ ಹೋಸನ್ನು ನಿಂತ ಗಾಡಿಯಲ್ಲಿ ಮಾತ್ರ, ಒಂದು ಕ್ಷಣ ಹಿಸುಕಿ ಬಿಡಿ. ಪೆಡಲ್ ಒತ್ತಿದಾಗ ಬುಸ್ ಅನ್ನುತ್ತಾ ಐಡ್ಲಿಂಗ್ ಬದಲಾದರೆ ಬೂಸ್ಟರ್ ಸೋರುತ್ತಿದೆ. ಅದು ಬ್ರೇಕಿನ ವಿಷಯ. ಮನೆಯಲ್ಲಿ ಪ್ರಯೋಗ ಬೇಡ, ಸೀದಾ ಗ್ಯಾರೇಜಿಗೆ.

ಇಂಜಿನ್ ಆಯಿಲ್‌ನ ಆವಿ ಎಳೆದುಕೊಳ್ಳುವ ಪಿಸಿವಿ ಹೋಸ್ ನನ್ನ ಮೊದಲ ಅನುಮಾನ. ಬಿಸಿ ಮತ್ತು ಎಣ್ಣೆ ಎರಡೂ ತಿಂದು ಅದು ಹಪ್ಪಳದ ಹಾಗೆ ಆಗಿರುತ್ತದೆ. ಕಣ್ಣಿಗೆ ಕಾಣದ ಕೆಳಬದಿಯನ್ನು ಫೋನ್ ಕ್ಯಾಮೆರಾ ಇಳಿಬಿಟ್ಟು ವಿಡಿಯೋ ಮಾಡಿ. ನನ್ನ ಸೀಳು ಸಿಕ್ಕಿದ್ದು ಹಾಗೆ. ಹೊಸ ಹೋಸ್ ಹಾಕುವಾಗ ಹಳೆ ತುಂಡನ್ನು ಅಂಗಡಿಗೆ ತೆಗೆದುಕೊಂಡು ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ತಿರುವು ಹೊಂದುವ ಹೋಸ್ ಹುಡುಕಿ ಕೊಡುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಟಯರಿಗೆ ಗಾಳಿ ತುಂಬುವಂಥ ಹೋಸ್ ತುಂಡು ಹಾಕಿದರೆ ಬೇಗ ಮೆತ್ತಗಾಗಬಹುದು.

ಪ್ಲಗ್, ಕಾಯಿಲ್: ಐದು ನಿಮಿಷದ ಅದಲುಬದಲು

ಪಿ0302 ಬಂದಿದೆ ಅನ್ನಿ. ಇಂಜಿನ್ ಆಫ್ ಮಾಡಿ ಎರಡನೇ ಸಿಲಿಂಡರ್ ಕಾಯಿಲ್ ಅನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ. ಪಿ0303 ಬಂದರೆ ಕಾಯಿಲ್ ಕೆಟ್ಟಿದೆ. ಕೋಡ್ ಅಲ್ಲೇ ಉಳಿದರೆ ಪ್ಲಗ್ ಅದಲುಬದಲು ಮಾಡಿ ನೋಡಿ, ಅದೂ ಅಲ್ಲವಾದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್. ಪ್ಲಗ್ ತೆಗೆಯುವುದು ಇಂಜಿನ್ ತಣ್ಣಗಾದ ಮೇಲೆ ಮಾತ್ರ. ಇಂಜಿನ್‌ನ ಅಲ್ಯೂಮಿನಿಯಂ ಹೆಡ್‌ನಲ್ಲಿ ಪ್ಲಗ್ ತಿರುಗಿಸುವ ಮರೆ (ಥ್ರೆಡ್) ಹೋದರೆ ಖರ್ಚು ಬೇರೆಯೇ ಲೆಕ್ಕದ್ದು. ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಿಸಿ. ಪ್ಲಗ್‌ನ ತುದಿ ತಿಳಿ ಕಂದು ಇದ್ದರೆ ಸರಿ, ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್ ಗೆರೆಯಂಥ ಕಪ್ಪು ಗೀಟು ಕಂಡರೆ ಕರೆಂಟ್ ಅಲ್ಲಿಂದ ಹಾರುತ್ತಿದೆ.

ಸಿಎನ್‌ಜಿ ಗಾಡಿಯವರು ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು ಕೂಡ ನೋಡಿಸಿ. ಗ್ಯಾಸಿನಲ್ಲಿ ಹೆಚ್ಚು ಓಡಿದ ಇಂಜಿನ್‌ನಲ್ಲಿ ವಾಲ್ವ್ ಸವೆದು ಗ್ಯಾಪ್ ಬಿಗಿಯಾದರೆ ಐಡ್ಲಿಂಗ್ ಕೆಡುತ್ತದೆ.

ಎಂಎಎಫ್ ತೊಳೆಯುವುದು

ಇಲ್ಲಿಗೆ ಬಂದಿದ್ದೀರಿ ಅಂದರೆ ಸೋರಿಕೆ ಇಲ್ಲ, ಪ್ಲಗ್ ಸರಿಯಿದೆ, ಅಂಕಿಗಳು ಸೆನ್ಸರ್ ಕಡೆ ಬೆರಳು ತೋರಿಸುತ್ತಿವೆ. ತೊಳೆಯುವ ಮುಂಚೆ ಕೊನೆಯ ಸಾಕ್ಷಿ: ಕೀ ಆಫ್ ಮಾಡಿ ಎಂಎಎಫ್ ಪ್ಲಗ್ ಕಳಚಿ, ಸ್ಟಾರ್ಟ್ ಮಾಡಿ. ಕಂಪ್ಯೂಟರ್ ಒಂದು ಅಂದಾಜು ಲೆಕ್ಕದಲ್ಲಿ ಓಡಿಸುತ್ತದೆ. ಆಗ ಐಡ್ಲಿಂಗ್ ಮೊದಲಿಗಿಂತ ಚೆನ್ನಾದರೆ ಸೆನ್ಸರ್ ಸುಳ್ಳು ಹೇಳುತ್ತಿತ್ತು. ಕೆಲವು ಗಾಡಿ ಹೀಗೆ ಮಾಡಿದರೆ ಆಫ್ ಆಗಿಬಿಡುತ್ತದೆ, ಅದೇನೂ ತೊಂದರೆಯಲ್ಲ. ಚೆಕ್ ಇಂಜಿನ್ ಲೈಟ್ ಬಂದೇ ಬರುತ್ತದೆ, ಆಮೇಲೆ ಅಳಿಸಿದರಾಯಿತು.

ಬೇಕಾದ್ದು: 'ಎಂಎಎಫ್ ಸೆನ್ಸರ್ ಕ್ಲೀನರ್' ಅಂತಲೇ ಬರೆದಿರುವ ಡಬ್ಬಿ, ಸ್ಕ್ರೂಡ್ರೈವರ್, ಶುಭ್ರವಾದ ಒಣ ಬಟ್ಟೆ. ಕೆಲವು ಸೆನ್ಸರ್‌ಗೆ ಮಧ್ಯದಲ್ಲಿ ತೂತಿರುವ ಟಿ20 ನಕ್ಷತ್ರದ ಬಿಟ್ ಬೇಕು. ಕಾರ್ಬ್ ಕ್ಲೀನರ್, ಬ್ರೇಕ್ ಕ್ಲೀನರ್, ಪೆಟ್ರೋಲ್ ಬೇಡ. ಅವು ಪ್ಲಾಸ್ಟಿಕ್, ಅಂಟು ಎರಡನ್ನೂ ತಿನ್ನಬಹುದು ಅಥವಾ ಜಿಡ್ಡು ಬಿಡಬಹುದು. ಮನೆಯಲ್ಲಿದೆ ಅಂತ ಸ್ಯಾನಿಟೈಸರ್ ಸುರಿಯುವವರೂ ಇದ್ದಾರೆ. ಅದರಲ್ಲಿ ಕೈ ಮೆತ್ತಗಿರಲಿ ಅಂತ ಗ್ಲಿಸರಿನ್ ಹಾಕಿರುತ್ತಾರೆ ಮಾರಾಯ್ರೇ, ತಂತಿಗೆ ಹೊಸ ಕಂಬಳಿ ಹೊದಿಸಿದಂತಾಗುತ್ತದೆ.

1. ಇಂಜಿನ್ ಆಫ್ ಮಾಡಿ ಅರ್ಧ ಗಂಟೆ ಬಿಡಿ. ಕೀ ತೆಗೆದಿಡಿ. ಬಿಸಿ ತಂತಿಗೆ ತಣ್ಣನೆ ಸ್ಪ್ರೇ ತಗುಲಬಾರದು, ಸ್ಪ್ರೇಗೆ ಬೆಂಕಿಯೂ ತಗುಲಬಾರದು. ಬೀಡಿ ಸಿಗರೇಟ್ ದೂರ.

2. ಸೆನ್ಸರ್ ಸುತ್ತ ಧೂಳು ಒರೆಸಿ. ಇಲ್ಲದಿದ್ದರೆ ತೆಗೆದ ತೂತಿನೊಳಗೆ ಅದೇ ಬೀಳುತ್ತದೆ.

3. ಪ್ಲಗ್‌ನ ಲಾಕ್ ಒತ್ತಿ ಕಳಚಿ. ವೈರ್ ಹಿಡಿದು ಎಳೆಯಬೇಡಿ. ಹಳೆ ಪ್ಲಾಸ್ಟಿಕ್ ಲಾಕ್ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಒತ್ತುವ ಮುಂಚೆ ಪ್ಲಗ್ಗನ್ನು ಸ್ವಲ್ಪ ಒಳಕ್ಕೆ ತಳ್ಳಿದರೆ ಲಾಕ್ ಸಡಿಲವಾಗುತ್ತದೆ.

4. ಸೆನ್ಸರ್ ಮೇಲಿನ ಬಾಣದ ಗುರುತು ಯಾವ ಕಡೆಗಿದೆ ಅಂತ ಫೋಟೋ ತೆಗೆದುಕೊಳ್ಳಿ. ಸ್ಕ್ರೂ ಬಿಚ್ಚಿ, ನೇರವಾಗಿ ಮೇಲಕ್ಕೆ ಎತ್ತಿ. ರಬ್ಬರ್ ರಿಂಗ್ ಜೊತೆಗೆ ಬಂತೇ ನೋಡಿ. ತೂತಿಗೆ ಬಟ್ಟೆ ಮುಚ್ಚಿ.

5. ಬೆಳಕಿಗೆ ಹಿಡಿದು ನೋಡಿ. ಎರಡು ಕಡ್ಡಿಗಳ ನಡುವೆ ಸಣ್ಣ ಮಣಿಯಂಥದ್ದು ಅಥವಾ ಕಿಂಡಿಯೊಳಗೆ ತಂತಿ ಕಾಣುತ್ತದೆ. ಆರೋಗ್ಯವಾಗಿದ್ದರೆ ಹೊಳೆಯುತ್ತದೆ. ಕೊಳೆಯಾಗಿದ್ದರೆ ಬೂದು ಧೂಳು, ಒಮ್ಮೊಮ್ಮೆ ಒಂದು ಎಳೆ ಹತ್ತಿ ಅಥವಾ ಸತ್ತ ಸೊಳ್ಳೆಯ ಕಾಲು. ಅದನ್ನು ಬೆರಳು, ಇಯರ್ ಬಡ್, ಬ್ರಷ್ ಯಾವುದರಿಂದಲೂ ಮುಟ್ಟಬೇಡಿ. ತಂತಿ ಕಡಿದರೆ ಸೆನ್ಸರ್ ಮುಗಿಯಿತು.

6. ತಲೆಕೆಳಗಾಗಿ ಹಿಡಿದು, ನಾಲ್ಕು ಬೆರಳು ದೂರದಿಂದ ಹತ್ತು ಹದಿನೈದು ಸಣ್ಣ ಹೊಡೆತ ಹೊಡೆಯಿರಿ. ಎಲ್ಲ ಬದಿಯಿಂದಲೂ. ಸ್ಪ್ರೇಯ ಕೆಂಪು ನಳಿಕೆ ಕಿಂಡಿಯೊಳಗೆ ತೂರಿಸಬೇಡಿ. ಪಕ್ಕದ ಉಷ್ಣತೆ ಸೆನ್ಸರ್‌ಗೂ ಎರಡು ಹೊಡೆತ. ಕೆಳಗೆ ಬಿಳಿ ಬಟ್ಟೆ ಹಾಸಿದ್ದರೆ ಬೀಳುವ ಹನಿ ಕಂದು ಬಣ್ಣದಿಂದ ತಿಳಿಯಾಗುವುದು ಕಾಣುತ್ತದೆ. ತಿಳಿಯಾದಾಗ ನಿಲ್ಲಿಸಿ.

7. ತಾನಾಗಿ ಒಣಗಲಿ. ಅರ್ಧ ಗಂಟೆ ಸಾಕು, ಮಳೆಗಾಲದಲ್ಲಿ ಒಂದು ಗಂಟೆ. ಕಂಪ್ರೆಸರ್ ಗಾಳಿ, ಹೇರ್ ಡ್ರೈಯರ್, ಬಾಯಲ್ಲಿ ಊದುವುದು ಮೂರೂ ಬೇಡ.

8. ಬಾಣ ಇಂಜಿನ್ ಕಡೆಗೆ ಇರುವಂತೆ ಕೂರಿಸಿ, ರಿಂಗ್ ಮಡಚಿಕೊಳ್ಳದ ಹಾಗೆ ನೋಡಿ. ಸ್ಕ್ರೂ ಪ್ಲಾಸ್ಟಿಕ್‌ಗೆ ಹೋಗುವುದು, ಹಗುರವಾಗಿ ಬಿಗಿಯಿರಿ. ಪ್ಲಗ್ 'ಟಕ್' ಅನ್ನಬೇಕು.

ಡೀಸೆಲ್‌ನಲ್ಲೂ ತೊಳೆಯುವ ಕ್ರಮ ಇದೇ. ಆದರೆ ಡೀಸೆಲ್‌ನಲ್ಲಿ ಎಂಎಎಫ್ ಕೆಟ್ಟರೆ ಪಿಕಪ್ ಹೋಗುತ್ತದೆ, ಹೊಗೆ ಬರುತ್ತದೆ. ಬರೀ ಐಡ್ಲಿಂಗ್ ನಡುಕ ಅಂದರೆ ಮೊದಲು ಇಂಜೆಕ್ಟರ್ ನೋಡಿಸಿ.

ಎಂಎಪಿ, ಥ್ರಾಟಲ್

ಎಂಎಪಿ ಸೆನ್ಸರ್ ಕಳಚಿದರೆ ಅದರ ಮೂತಿಯಲ್ಲಿ ಎಣ್ಣೆ ಬೆರೆತ ಮಸಿ ಇರುತ್ತದೆ. ಅದೇ ಕ್ಲೀನರ್, ಮೂತಿ ಕೆಳಗೆ ಮಾಡಿ ಎರಡು ಮೂರು ಹೊಡೆತ. ಪಿನ್ ಹಾಕಿ ಕೆರೆದರೆ ಒಳಗಿನ ತೆಳು ಪರದೆ ಹರಿಯುತ್ತದೆ. ಅದು ಕೂರುವ ತೂತನ್ನೂ ನೋಡಿ. ಮಸಿ ಕಟ್ಟಿ ಅದೇ ಮುಚ್ಚಿಕೊಂಡಿರಬಹುದು.

ಥ್ರಾಟಲ್‌ಗೆ ಬೇರೆ ಡಬ್ಬಿ, ಥ್ರಾಟಲ್ ಬಾಡಿ ಕ್ಲೀನರ್. ಬಟ್ಟೆಗೆ ಹೊಡೆದು, ಬಿಲ್ಲೆಯ ಅಂಚು ಮತ್ತು ಅದು ಮುಟ್ಟುವ ಗೋಡೆ ಒರೆಸಿ. ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್‌ನ ಬಿಲ್ಲೆಯನ್ನು ಬೆರಳಲ್ಲಿ ಬಲವಾಗಿ ತಳ್ಳಬೇಡಿ, ಕೀ ಆನ್ ಇದ್ದಾಗ ಬೆರಳು ಹಾಕಲೇಬೇಡಿ. ಮಸಿ ಹೋದ ಮೇಲೆ ಮೊದಲಿಗಿಂತ ಗಾಳಿ ಜಾಸ್ತಿ ನುಗ್ಗುತ್ತದೆ, ಐಡ್ಲಿಂಗ್ 1200ಕ್ಕೆ ಏರಿ ಕೂರಬಹುದು. ಅದು ಹೊಸದಾಗಿ ಕಲಿಯಬೇಕು. ಅನೇಕ ಗಾಡಿಗಳಲ್ಲಿ ಬಿಸಿ ಇಂಜಿನ್ ಅನ್ನು ಎಸಿ ಇಲ್ಲದೆ ಹತ್ತು ನಿಮಿಷ, ಆಮೇಲೆ ಎಸಿ ಹಾಕಿ ಐದು ನಿಮಿಷ ಓಡಲು ಬಿಟ್ಟರೆ ಕಲಿಯುತ್ತದೆ. ಕೆಲವಕ್ಕೆ ಕಂಪನಿಯ ಸ್ಕ್ಯಾನರ್ ಬೇಕೇ ಬೇಕು. ಕೆಲಸಕ್ಕೆ ಇಳಿಯುವ ಮುಂಚೆ ನಿಮ್ಮ ಮಾಡೆಲ್‌ನ ವಿಧಾನ ತಿಳಿದುಕೊಳ್ಳಿ.

ತೊಳೆದಾದ ಮೇಲೆ

ಈಗ ಕೋಡ್ ಅಳಿಸಿ. ಊರೊಳಗೆ, ಹೈವೇಯಲ್ಲಿ ಸೇರಿ ಐವತ್ತು ಕಿಲೋಮೀಟರ್ ಓಡಿಸಿ. ಕಂಪ್ಯೂಟರ್‌ಗೆ ಹೊಸ ಅಳತೆ ಕಲಿಯಲು ಅಷ್ಟು ಬೇಕು. ಆಮೇಲೆ ಅದೇ ಎರಡು ಜಾಗದಲ್ಲಿ ಟ್ರಿಮ್ ಓದಿ. ಹಳೆ ಅಂಕಿಯ ಪಕ್ಕದಲ್ಲಿ ಬರೆಯಿರಿ. 'ಚೆನ್ನಾಗಾಯ್ತು ಅನ್ನಿಸುತ್ತೆ' ಅನ್ನುವುದನ್ನು ನಾನು ಈಗ ನಂಬುವುದಿಲ್ಲ, ಹೊಸ ಡಬ್ಬಿಗೆ ದುಡ್ಡು ಕೊಟ್ಟವರಿಗೆಲ್ಲ ಮೊದಲ ದಿನ ಹಾಗೇ ಅನ್ನಿಸುತ್ತದೆ.

ಎಂಎಎಫ್ ಓದು ಒಂದಿಷ್ಟೂ ಬದಲಾಗದೆ ಮೊದಲಿನಷ್ಟೇ ಕೆಳಗಿದ್ದು, ವೈರ್ ಸರಿಯಿದ್ದರೆ ಸೆನ್ಸರ್‌ನ ಆಯಸ್ಸು ಮುಗಿದಿರಬಹುದು. ಹೊಸದು ಕೊಳ್ಳುವಾಗ ಹಳೆಯದರ ಮೇಲಿನ ಪಾರ್ಟ್ ನಂಬರ್ ಹೊಂದಿಸಿ. ಅರ್ಧ ಬೆಲೆಯ ನಕಲಿ ಸೆನ್ಸರ್ ಮೊದಲ ದಿನದಿಂದಲೇ ತಪ್ಪು ಓದಿದರೆ ಮತ್ತೆ ಈ ಬರಹದ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಚೆಕ್ ಇಂಜಿನ್ ಲೈಟ್ ಸುಮ್ನೆ ಉರಿಯದೆ ಮಿನುಗುತ್ತಿದ್ದರೆ ಇಷ್ಟೆಲ್ಲ ಮಾಡುತ್ತಾ ಕೂರಬೇಡಿ. ಮಿಸ್‌ಫೈರ್ ಜೋರಾಗಿದೆ, ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಕಾಯಿಸುತ್ತಿದೆ. ಗಾಡಿ ಬದಿಗೆ ಹಾಕಿ, ಎಳೆಸಿಕೊಂಡು ಹೋಗಿ. ಉಳಿದಂತೆ ಗ್ಯಾರೇಜಿಗೆ ಹೋಗಲೇಬೇಕಾಗಿ ಬಂದರೆ ಬರೆದ ಚೀಟಿ ಜೊತೆಗಿರಲಿ: ಕೋಡ್ ಯಾವುದು, ಐಡ್ಲಿಂಗ್ ಮತ್ತು 2500ರಲ್ಲಿ ಟ್ರಿಮ್ ಎಷ್ಟು, ನಡುಕ ಯಾವಾಗ. ನನ್ನ ಚೀಟಿಯಲ್ಲಿ +19, +4 ನೋಡಿದ ಎರಡನೇ ಗ್ಯಾರೇಜಿನ ಹುಡುಗ ಥ್ರಾಟಲ್ ಬಾಡಿ ಮಾತೇ ಎತ್ತಲಿಲ್ಲ. ಟಾರ್ಚ್ ತೆಗೆದುಕೊಂಡು ನೇರ ಇಂಜಿನ್ ಹಿಂದಕ್ಕೆ ಬಗ್ಗಿದ. ಹೋಸ್ ಬದಲಿಸಿದ ವಾರದ ನಂತರ ಅದೇ ಚೀಟಿಯ ಕೆಳಗೆ +3, +2 ಅಂತ ಬರೆದು ಡ್ಯಾಶ್‌ಬೋರ್ಡ್ ಡಬ್ಬಿಗೆ ಹಾಕಿದ್ದೇನೆ.